ಮಣ್ಣು ನೋಡಿದೆ, ಕಾಗದ ನೋಡಲಿಲ್ಲ

ನಲವತ್ತಾರನೆಯ ವಯಸ್ಸಿನಲ್ಲಿ ನಾನು ಇಂಜಿನಿಯರ್ ಕೆಲಸ ಬಿಟ್ಟು, ಜನರಿಗೆ ಹಣಕಾಸಿನ ಸಲಹೆ ಕೊಡುವ ಕೆಲಸಕ್ಕೆ ಬಂದೆ. ಹದಿನೇಳು ವರ್ಷ ಮಾಡಿ, ಹೋದ ವರ್ಷ ಕಚೇರಿಯ ಬೀಗದ ಕೈಯನ್ನು ಕಟ್ಟಡದ ಮಾಲೀಕರಿಗೆ ಒಪ್ಪಿಸಿದೆ. ಈಗ ಇದೇ ವೃತ್ತಿಗೆ ಬರುತ್ತಿರುವ ಹುಡುಗ ಹುಡುಗಿಯರು ಆಗಾಗ ಮನೆಗೆ ಬರುತ್ತಾರೆ. ಚಹಾ ಮುಗಿಯುವ ಹೊತ್ತಿಗೆ ಅವರಲ್ಲೊಬ್ಬರು ಕೇಳಿಯೇ ಕೇಳುತ್ತಾರೆ: "ಸರ್, ಅಂಥಾ ನೌಕರಿ ಬಿಟ್ಟು ಬರೂ ಧೈರ್ಯ ನಿಮಗ ಹೆಂಗ ಬಂತ್ರಿ?"

ಆ ಪ್ರಶ್ನೆ ಬಂದೊಡನೆ ಅಡುಗೆಮನೆಯಲ್ಲಿ ನನ್ನ ಹೆಂಡತಿ ಗಿರಿಜಾ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಕೆಳಗಿಡುತ್ತಾಳೆ. ಅವಳಿಗೆ ಗೊತ್ತು, ನನ್ನನ್ನು ಇಲ್ಲಿಗೆ ಎಳೆದು ತಂದದ್ದು ನಾಚಿಕೆ ಎಂದು. ಹುಡುಗರ ಮುಂದೆ ಅದನ್ನು ಪೂರ್ತಿ ಹೇಳಲು ಬಾಯಿ ಬರುವುದಿಲ್ಲ. ಅದಕ್ಕೇ ಬರೆದಿಡುತ್ತಿದ್ದೇನೆ.

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ ಆಗ ಸಿಮೆಂಟ್ ಪೈಪು ಮಾಡುವ ಒಂದು ಸಣ್ಣ ಕಾರ್ಖಾನೆ ಇತ್ತು. ನಾನು ಅಲ್ಲಿ ಗುಣಮಟ್ಟ ನೋಡುವ ಇಂಜಿನಿಯರ್. ಕೈಯಲ್ಲೊಂದು ಪುಟ್ಟ ಸುತ್ತಿಗೆ ಹಿಡಿದು, ಸಾಲಾಗಿ ಮಲಗಿಸಿದ ಪೈಪುಗಳನ್ನು ಟಣ್ ಟಣ್ ಎಂದು ಬಡಿಯುತ್ತ ಹೋಗುವುದು ನನ್ನ ಕೆಲಸ. ಸದ್ದು ಕೇಳಿಯೇ ಒಳಗೆ ಬಿರುಕಿದೆಯೋ ಇಲ್ಲವೋ ಹೇಳುತ್ತಿದ್ದೆ. ಇಪ್ಪತ್ತೊಂದು ವರ್ಷ ಬಡಿದೆ. ಅಷ್ಟರಲ್ಲಿ ಎಲ್ಲ ಹೊಲಗಳಿಗೂ ಪ್ಲಾಸ್ಟಿಕ್ ಪೈಪು ಬಂತು. ಮಾಲೀಕರು ಕಾರ್ಖಾನೆ ಮುಚ್ಚಿ, ಎಲ್ಲರ ಲೆಕ್ಕ ಚುಕ್ತಾ ಮಾಡಿ ಕೈಮುಗಿದರು. ಕಾರ್ಖಾನೆಯೇ ಒಡೆಯುತ್ತಿದೆ ಎಂಬುದರ ಸದ್ದು ಮಾತ್ರ ನನ್ನ ಕಿವಿಗೆ ಬಿದ್ದಿರಲಿಲ್ಲ.

ಹಣ ಕೈಗೆ ಬಂದ ವಾರದಲ್ಲೇ ನಮ್ಮ ಫೋರ್‌ಮನ್ ಹಣಮಂತ ಮನೆಗೆ ಬಂದ. ಅಷ್ಟೂ ವರ್ಷ ನನ್ನ ಜೊತೆ ಕೆಲಸ ಮಾಡಿದವನು.

"ಸಾಹೇಬ್ರ, ಇಷ್ಟು ರೊಕ್ಕಾ ಒಮ್ಮೆಲೆ ನೋಡೇ ಇಲ್ರಿ. ಏನ ಮಾಡ್ಲಿ ಹೇಳ್ರಿ. ಊರ ಹೊರಗ ಒಂದು ಪ್ಲಾಟ್ ನೋಡೀನಿ."

"ನನಗೆ ಗೊತ್ತಿಲ್ಲ" ಎಂಬ ಉತ್ತರವನ್ನು ನಮ್ಮ ಇಂಜಿನಿಯರಿಂಗ್ ಕಾಲೇಜಿನಲ್ಲಿ ಕಲಿಸಿರಲಿಲ್ಲ. ಮರುದಿನ ಬೆಳಿಗ್ಗೆಯೇ ಹಾರೆ, ಅಳತೆ ಟೇಪು, ಮಟ್ಟ ನೋಡುವ ಕೊಳವೆ ಎಲ್ಲ ಹೊತ್ತುಕೊಂಡು ಅವನ ಪ್ಲಾಟಿಗೆ ಹೋದೆ. ಎರಡು ಅಡಿ ಅಗೆಸಿದೆ. ಎರೆಮಣ್ಣನ್ನು ಮುಷ್ಟಿಯಲ್ಲಿ ಹಿಚುಕಿ ನೋಡಿದೆ. ಬುನಾದಿ ಎಷ್ಟು ಆಳ ಹೋಗಬೇಕು, ಮಳೆನೀರು ಯಾವ ಕಡೆ ಹರಿಯುತ್ತದೆ, ಬಾಗಿಲು ಯಾವ ದಿಕ್ಕಿಗೆ ಇಟ್ಟರೆ ಬಿಸಿಲು ಕಡಿಮೆ, ಎಲ್ಲ ವಿವರಿಸಿದೆ. ಹಣಮಂತ ತಲೆದೂಗುತ್ತ ಕೇಳಿದ. ಕೊನೆಗೆ ಹೇಳಿದೆ: "ಕಣ್ಣು ಮುಚ್ಚಿ ತಗೋ."

ಅವನು ಕಣ್ಣು ಮುಚ್ಚಿಯೇ ತೆಗೆದುಕೊಂಡ. ಆರು ತಿಂಗಳ ನಂತರ ಮನೆ ಕಟ್ಟಲು ಪರವಾನಗಿ ಕೇಳಲು ಹೋದಾಗ ಗೊತ್ತಾಯಿತು, ಆ ಜಮೀನು ಕಾಗದದಲ್ಲಿ ಇನ್ನೂ ಹೊಲವೇ ಆಗಿತ್ತು, ಎನ್.ಎ., ಅಂದರೆ ಕೃಷಿಯೇತರ, ಆಗಿರಲಿಲ್ಲ. ಪ್ಲಾಟು ಮಾಡಿ ಮಾರಿದವನು ಊರಲ್ಲಿರಲಿಲ್ಲ. ಮಣ್ಣಿನ ಬಗ್ಗೆ ನಾನು ಹೇಳಿದ್ದೆಲ್ಲ ನಿಜ. ಕಾಗದ ಕೊಡು ಎಂದು ಒಂದು ಮಾತು ಕೇಳಿರಲಿಲ್ಲ.

ಹಣಮಂತ ಬೈದಿದ್ದರೆ ನಾನು ಇಂದಿಗೂ ಇಂಜಿನಿಯರ್ ಆಗಿಯೇ ಇರುತ್ತಿದ್ದೆನೇನೋ. ಅವನು ಬೈಯಲಿಲ್ಲ. ಬಂದು ಕುಳಿತ, ಚಹಾ ಕುಡಿದ. ಅವನು ಆಗಲೇ ಒಂದು ಗೋದಾಮಿನಲ್ಲಿ ಕಾವಲು ಕೆಲಸಕ್ಕೆ ಸೇರಿದ್ದ.

"ನೀವೇನ ಮಾಡ್ತೀರಿ ಬಿಡ್ರಿ ಸಾಹೇಬ್ರ. ನಾ ಮಣ್ಣ ಕೇಳಿದ್ನಿ, ನೀವು ಮಣ್ಣ ಹೇಳಿದ್ರಿ."

ಆ ಮಾತು ಎದೆಯಲ್ಲಿ ಕೂತುಬಿಟ್ಟಿತು. ಹುಬ್ಬಳ್ಳಿಯ ಕಂಪನಿಯೊಂದರಿಂದ ನನಗೆ ಕೆಲಸದ ಪತ್ರ ಬಂದಿತ್ತು. ಅದನ್ನು ಪಕ್ಕಕ್ಕಿಟ್ಟು, ಹಣಕಾಸು ಯೋಜನೆಯ ಪರೀಕ್ಷೆ ಕಟ್ಟುತ್ತೇನೆ ಎಂದು ಗಿರಿಜಾಳಿಗೆ ಹೇಳಿದೆ. ಅವಳು ಪ್ರಾಥಮಿಕ ಶಾಲೆಯ ಶಿಕ್ಷಕಿ. ಮನೆಯ ಖರ್ಚೆಲ್ಲ ಅವಳ ಕೈಯಲ್ಲೇ ನಡೆಯುತ್ತಿತ್ತು. ನನ್ನ ಮುಖ ನೋಡಿ ಕೇಳಿದಳು: "ಬಜಾರಕ್ಕ ಹೋದ್ರ ಚಿಲ್ಲರ ಎಣಸ್ಕೊಂಡು ಬರೂದಿಲ್ಲ. ನೀವು ಮಂದಿಗಿ ಹೇಳ್ತೀರೇನ್ರಿ?"

ಪರೀಕ್ಷಾ ಕೊಠಡಿಗೆ ಕಾಲಿಟ್ಟಾಗ ಮುಂದಿನ ಸಾಲಿನ ಹುಡುಗರು ಎದ್ದು ನಿಂತು "ಗುಡ್ ಮಾರ್ನಿಂಗ್ ಸರ್" ಎಂದರು. ಮೇಲ್ವಿಚಾರಕರು ಬಂದರು ಎಂದುಕೊಂಡಿದ್ದರು. ನಾನು ಹೋಗಿ ಅವರ ಹಿಂದಿನ ಬೆಂಚಿನಲ್ಲಿ ಕುಳಿತೆ. ಅವರು ಪಾಸಾದರು, ನಾನು ನಪಾಸಾದೆ. ಎರಡನೆಯ ಸಲ ಪಾಸಾದಾಗ ಯಾರೂ ಎದ್ದು ನಿಂತಿರಲಿಲ್ಲ.

ಕೆಲಸ ಕಲಿತದ್ದು ಜೋಶಿ ಸರ್ ಹತ್ತಿರ. ಬ್ಯಾಂಕಿನಿಂದ ನಿವೃತ್ತರಾಗಿ, ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸಲಹೆ ಕೊಡುತ್ತಿದ್ದ ಹಿರಿಯರು. ಎರಡು ವರ್ಷ ನನ್ನನ್ನು ಸಹಾಯಕನಾಗಿ ಇಟ್ಟುಕೊಂಡರು. ಮೊದಲ ಮೂರು ತಿಂಗಳು ಬಾಯಿ ತೆರೆಯಬಾರದು ಎಂಬುದು ಅವರ ಷರತ್ತು. ಮೂಲೆಯ ಕುರ್ಚಿಯಲ್ಲಿ ಕುಳಿತು ಕೇಳಬೇಕು, ಅಷ್ಟೇ. ನಾನು ಅಲ್ಲಿ ಕುಳಿತು ಬಂದವರ ಬಡ್ಡಿ, ಚಕ್ರಬಡ್ಡಿ ಎಲ್ಲ ಮನಸ್ಸಿನಲ್ಲೇ ಗುಣಿಸುತ್ತಿದ್ದೆ. ಒಂದು ದಿನ ಒಬ್ಬ ಕಿರಾಣಿ ಅಂಗಡಿಯವರು ಎದ್ದು ಹೋದ ಮೇಲೆ ಜೋಶಿ ಸರ್ ಕೇಳಿದರು:

"ಅವರು ಮಗಳ ಹೆಸರು ಎಷ್ಟ ಸಲ ತಗೊಂಡ್ರು?"

"ಗೊತ್ತಿಲ್ರಿ ಸರ್. ಆದ್ರ ಅವರ ಠೇವಣಿ ಮೇಲಿನ ಬಡ್ಡಿ ಬರೋಬ್ಬರಿ..."

"ಬಡ್ಡಿ ಬ್ಯಾಂಕಿನವರು ಲೆಕ್ಕಾ ಮಾಡ್ತಾರ್ರೀ. ಒಂಬತ್ತು ಸಲ ಮಗಳ ಹೆಸರು ತಗೊಂಡ್ರು. ಮಗನ ಹೆಸರು ಒಮ್ಮೆನೂ ತಗೋಲಿಲ್ಲ. ಆ ಮನುಷ್ಯಾ ಇಲ್ಲಿ ಯಾಕ ಬಂದಿದ್ದಾ ಅಂತ ಈಗರ ತಿಳೀತೇನು?"

ತಿಳಿಯಿತು ಎಂದೆ. ನಿಜವಾಗಿ ತಿಳಿದದ್ದು ಒಂದು ತಿಂಗಳ ನಂತರ, ಅವರು ಮಗಳನ್ನು ಕರೆತಂದು ಅಂಗಡಿಯನ್ನು ಅವಳ ಹೆಸರಿಗೆ ಮಾಡುವುದು ಹೇಗೆಂದು ಕೇಳಿದಾಗ.

ಆಮೇಲೆ ಸೊಲ್ಲಾಪುರ ರಸ್ತೆಯಲ್ಲೇ, ಟ್ರ್ಯಾಕ್ಟರ್ ಬಿಡಿಭಾಗದ ಅಂಗಡಿಯೊಂದರ ಮಾಳಿಗೆಯ ಮೇಲೆ ನನ್ನ ಸ್ವಂತ ಕಚೇರಿ ತೆರೆದೆ. ಬೋರ್ಡು ದೊಡ್ಡದಾಗಿಯೇ ಬರೆಸಿದೆ: 'ಹಣಕಾಸು ಯೋಜನೆ ಮತ್ತು ಸಲಹೆ'. ಮೊದಲ ತಿಂಗಳು ಜನರಿಗೇನೂ ಕೊರತೆಯಾಗಲಿಲ್ಲ. ಬಂದವರೆಲ್ಲ ಸಾಲ ಕೇಳಲು ಬಂದವರು. ಸಾಲ ಕೊಡುವುದಿಲ್ಲ ಎಂದರೆ, "ಮತ್ತ ಹಣಕಾಸು ಅಂತ ಯಾಕ ಬರದೀರಿ?" ಎಂದು ಗದರಿಸಿ ಹೋಗುತ್ತಿದ್ದರು.

ಸಾಲ ಕೇಳದೆ ಬಂದ ಮೊದಲ ವ್ಯಕ್ತಿ ತಿಕೋಟಾದ ಸಿದಗೊಂಡಪ್ಪ. ಹತ್ತು ಎಕರೆ ದ್ರಾಕ್ಷಿ, ಅದನ್ನು ಒಣಗಿಸಿ ಮಣೂಕ ಮಾಡುವ ಸ್ವಂತ ಶೆಡ್ಡು, ಬಿಳಿ ಧೋತರ, ಕಡಿಮೆ ಮಾತು. ಕುಳಿತುಕೊಳ್ಳುತ್ತಲೇ ಕೇಳಿದರು:

"ಪೈಪಿನ ಕಾರ್ಖಾನಿ ಇಂಜಿನಿಯರ್ ನೀವs ಅಲ್ರಿ? ನಮ್ಮ ಡ್ರಿಪ್ಪಿಗಿ ನೀರಿನ ಒತ್ತಡ ಬರಾಕತ್ತಿಲ್ಲ. ಮೋಟರ್ ಬಿಚ್ಚಿ ಎರಡ ಸಲ ಹಾಕ್ಯಾರ. ಬಂದು ನೋಡ್ರಿ."

ಹಣಕಾಸು ಸಲಹೆಗಾರನ ಮಾನ ಕಾಪಾಡಿಕೊಳ್ಳಬೇಕಾಗಿತ್ತು. ಆದರೆ ಆ ತಿಂಗಳ ಕಚೇರಿ ಬಾಡಿಗೆಯನ್ನೂ ಕಟ್ಟಬೇಕಾಗಿತ್ತು. ಬ್ಯಾಗಿನಲ್ಲಿ ಕ್ಯಾಲ್ಕುಲೇಟರ್ ಪಕ್ಕ ನಟ್ಟು ಬಿಚ್ಚುವ ಪಾನಾ ಇಟ್ಟುಕೊಂಡು ತಿಕೋಟಾ ಬಸ್ಸು ಹತ್ತಿದೆ. ಮೋಟರಿನಲ್ಲಿ ದೋಷವಿರಲಿಲ್ಲ, ಫಿಲ್ಟರ್ ಒಳಗೆ ಪಾಚಿ ಕಟ್ಟಿತ್ತು. ಅರ್ಧ ಗಂಟೆಯಲ್ಲಿ ಕೊನೆಯ ಸಾಲಿನವರೆಗೂ ನೀರು ಹನಿಯತೊಡಗಿತು. ಸಿದಗೊಂಡಪ್ಪ ಖುಷಿಯಾಗಿ ಹಣ ಕೊಟ್ಟರು. ಹಣಕಾಸು ಯೋಜನೆಯ ಹೆಸರಿನಲ್ಲಿ ನನ್ನ ಮೊದಲ ಸಂಪಾದನೆ ಪಾಚಿ ತೆಗೆದದ್ದಕ್ಕೆ ಸಿಕ್ಕಿತು.

ಆ ಖುಷಿಯ ಗಳಿಗೆಯಲ್ಲೇ ನನ್ನ ನಿಜವಾದ ಕೆಲಸದ ಬಗ್ಗೆ ಹೇಳಿದೆ. ಸಲಹೆಗೆ ಇಷ್ಟು ಶುಲ್ಕ ಎಂದೂ ಹೇಳಿದೆ.

ಅವರಿಗೆ ಆಶ್ಚರ್ಯವಾಯಿತು. "ಮೋಟರ್ ರಿಪೇರಿಗಿ ರೊಕ್ಕಾ ಕೇಳ್ರಿ, ಕೊಡ್ತೀನಿ. ಬರೇ ಮಾತಿಗಿ ಯಾರರ ರೊಕ್ಕಾ ಕೊಡ್ತಾರೇನ್ರಿ?" ಎಂದು ನಕ್ಕರು. ಆದರೂ, ನೀರು ತಂದವನು ಎಂಬ ಮರ್ಯಾದೆಗೆ, "ಆತು, ಏನ ಬರೀತೀರಿ ಬರ್ಕೊಂಡು ಬರ್ರಿ" ಎಂದರು.

ಬರೆದದ್ದು ಮೂವತ್ತನಾಲ್ಕು ಪುಟ. ಬಣ್ಣದ ಚಿತ್ರಗಳು, ಇಪ್ಪತ್ತು ವರ್ಷದ ಅಂದಾಜು, ಬೆಲೆ ಏರಿಕೆಗೆ ಒಂದು ಕೋಷ್ಟಕ, ಏರದಿದ್ದರೆ ಇನ್ನೊಂದು. ಪ್ರತಿ ತಿಂಗಳು ಐದನೆಯ ತಾರೀಕಿಗೆ ಇಷ್ಟು ಹಣ ಉಳಿತಾಯಕ್ಕೆ ಹೋಗಬೇಕು ಎಂದು ದಪ್ಪಕ್ಷರದಲ್ಲಿ ಬರೆದಿದ್ದೆ. ಸಿದಗೊಂಡಪ್ಪ ಬೇವಿನ ಗಿಡದ ಕೆಳಗೆ ಕುಳಿತು, ಹೆಬ್ಬೆರಳಿಗೆ ಉಗುಳು ಹಚ್ಚಿ, ಒಂದು ಪುಟವನ್ನೂ ಬಿಡದೆ ತಿರುವಿದರು. ದುಂಡನೆಯ ಚಿತ್ರವೊಂದರ ಮೇಲೆ ಬೆರಳಿಟ್ಟು, "ಇದು ಚೊಲೋ ಬಂದೈತ್ರಿ, ಹೋಳಿಗಿ ಕತ್ತರಿಸಿದಂಗ" ಎಂದರು. ಕೊನೆಗೆ ಪುಸ್ತಕ ಮುಚ್ಚಿದರು.

"ಸಾಹೇಬ್ರ, ಒಂದು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಐದನೇ ತಾರೀಕಿಗಿ ನನಗ ಪಗಾರ ಕೊಡಾವರು ಯಾರ್ರಿ?"

ವರ್ಷದ ಉತ್ಪನ್ನವನ್ನು ಹನ್ನೆರಡರಿಂದ ಭಾಗಿಸಿ ಅದಕ್ಕೆ ಮಾಸಿಕ ಆದಾಯ ಎಂದು ಹೆಸರಿಟ್ಟಿದ್ದೆ. ದ್ರಾಕ್ಷಿ ಬಳ್ಳಿಗೆ ಅದು ಗೊತ್ತಿರಲಿಲ್ಲ. ಅದು ವರ್ಷಕ್ಕೊಮ್ಮೆ ಕೊಡುತ್ತಿತ್ತು. ಗಿಡ ಸವರುವ ಕಾಲಕ್ಕೆ ಅದಕ್ಕೇ ಹಣ ಸುರಿಯಬೇಕಾಗಿತ್ತು. ಆ ಸಂಜೆ ಅವಮಾನದಿಂದ ಮೂವತ್ತನಾಲ್ಕು ಪುಟವನ್ನೂ ಜೋಶಿ ಸರ್ ಮುಂದೆ ಇಟ್ಟೆ. ಅವರು ಕನ್ನಡಕ ಏರಿಸಿ ನೋಡಿ, "ಲೆಕ್ಕಾ ಒಂದೂ ತಪ್ಪಿಲ್ಲ. ಮನುಷ್ಯಾ ಎಲ್ಲಿದ್ದಾನ್ರೀ ಇದರೊಳಗ?" ಎಂದರು. ಪುಟಗಳ ಹಿಂಬದಿ ಖಾಲಿ ಇದೆ ಎಂದು ಕಿರಾಣಿ ಪಟ್ಟಿ ಬರೆಯಲು ಒಳಗೆ ತೆಗೆದುಕೊಂಡು ಹೋದರು.

ಎರಡನೆಯ ಸಲ ಒಂದೇ ಹಾಳೆಯಲ್ಲಿ ಬರೆದುಕೊಂಡು ಹೋದೆ. ಮಣೂಕ ಮಾರಿದ ವಾರ ಏನು ಮಾಡಬೇಕು, ಮಾರದ ವರ್ಷ ಏನನ್ನು ಮುಟ್ಟಬಾರದು, ಅಷ್ಟೇ. ಸಿದಗೊಂಡಪ್ಪ ಅದನ್ನು ಮಡಚಿ ಅಂಗಿಯ ಒಳಕಿಸೆಯಲ್ಲಿಟ್ಟುಕೊಂಡರು. ಶುಲ್ಕವನ್ನೂ ಕೊಟ್ಟರು. ಮಾತಿಗೆ ಹಣ ಕೊಟ್ಟೆ ಎಂದು ಮನೆಯವರಿಗೆ ಹೇಳಲು ನಾಚಿಕೊಂಡು, "ಮೋಟರಿಂದು" ಎಂದು ಹೇಳಿದರಂತೆ.

ನನ್ನ ದಡ್ಡತನಗಳನ್ನೆಲ್ಲ ಬರೆದರೆ ಕಾಗದ ಸಾಲದು. ಒಂದನ್ನು ಮಾತ್ರ ಬಿಡಲಾರೆ. ಲಾಕ್‌ಡೌನಿನ ವರ್ಷ ಷೇರು ಮಾರುಕಟ್ಟೆ ಕುಸಿದಾಗ ದಿನವಿಡೀ ಫೋನು. "ಸಾಹೇಬ್ರ, ತಗೀಲೇನ್ರಿ?" ಎಂದು ಎಲ್ಲರೂ ಕೇಳುವವರೇ. ಅಷ್ಟು ಹೊತ್ತಿಗೆ ನಮ್ಮ ಕೆಲಸದ ರೀತಿಯೇ ಬದಲಾಗಿತ್ತು. ಮೊದಲು ಹಣ ಹಿಂತೆಗೆಯಬೇಕೆಂದರೆ ಫಾರ್ಮು ತುಂಬಿ, ಸಹಿ ಮಾಡಿ, ಕಚೇರಿಗೆ ಕಳಿಸಬೇಕಿತ್ತು. ಹೆದರಿದವನ ಹೆದರಿಕೆ ಇಳಿಯಲು ನಾಲ್ಕು ದಿನ ಸಿಗುತ್ತಿತ್ತು. ಈಗ ಫೋನಿನಲ್ಲಿ ಬೆರಳು ಒತ್ತಿದರೆ ಮುಗಿಯಿತು. ನಾನು ಎಲ್ಲರಿಗೂ ಗಟ್ಟಿ ದನಿಯಲ್ಲಿ ಹೇಳುತ್ತಿದ್ದೆ: "ನೋಡಬ್ಯಾಡ್ರಿ. ಆ ಆ್ಯಪ್ ತೆರೀಲೇಬ್ಯಾಡ್ರಿ." ಹೇಳಿ, ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿ ನಾನೇ ತೆರೆದು ನೋಡುತ್ತಿದ್ದೆ. ಮೂರನೆಯ ವಾರ ಬೆವರುತ್ತ ನಿಂತು, ನನ್ನ ಸ್ವಂತದ ಒಂದು ಹೂಡಿಕೆಯನ್ನು ಬೆರಳೊತ್ತಿ ಮಾರಿಬಿಟ್ಟೆ. ಅದಕ್ಕಿಂತ ಕಡಿಮೆ ಬೆಲೆಗೆ ಆ ವರ್ಷ ಇನ್ಯಾರೂ ಮಾರಿರಲಿಕ್ಕಿಲ್ಲ. ನನ್ನ ಮಾತು ಕೇಳಿ ಸುಮ್ಮನಿದ್ದವರೆಲ್ಲ ಮರುವರ್ಷ ಪೇಡೆ ತಂದುಕೊಟ್ಟರು. ಗಿರಿಜಾ ಒಂದು ಪೇಡೆ ಬಾಯಿಗೆ ಹಾಕಿಕೊಳ್ಳುತ್ತ, "ನಿಮಗೂ ಯಾರರ ಸಲಹೆಗಾರರು ಇರಬೇಕಾಗಿತ್ತು ನೋಡ್ರಿ" ಎಂದಳು.

ಇನ್ನು ಹೇಳಬೇಕಾದದ್ದು ನಗುವ ವಿಷಯವಲ್ಲ.

ಸಿದಗೊಂಡಪ್ಪ ತಮ್ಮ ತಮ್ಮನನ್ನೂ ನನ್ನಲ್ಲಿಗೆ ಕಳಿಸಿದ್ದರು. ಅವನ ಹೆಸರು ಶ್ರೀಶೈಲ. ಬಬಲೇಶ್ವರದ ಹೈಸ್ಕೂಲಿನಲ್ಲಿ ಗಣಿತದ ಮಾಸ್ತರ. ಹೆಂಡತಿ ಕಸ್ತೂರಿ, ಇಬ್ಬರು ಹೆಣ್ಣುಮಕ್ಕಳು. ನನ್ನ ಉದ್ದುದ್ದ ಕೋಷ್ಟಕಗಳನ್ನು ಪ್ರೀತಿಯಿಂದ ಓದಿದ ಏಕೈಕ ಮನುಷ್ಯ ಅವನು. ಮೊದಲ ಸಲವೇ ಒಂಬತ್ತನೇ ಪುಟದಲ್ಲಿ ಕೂಡಿಸುವಾಗ ಆದ ತಪ್ಪನ್ನು ಹಿಡಿದು, ಕೆಂಪು ಪೆನ್ನಿನಿಂದ ಗೆರೆ ಎಳೆದು, "ಸರ್, ಇದಕ್ಕ ಒಂದು ಮಾರ್ಕ್ಸ್ ಕಡೀತೀನ್ರಿ" ಎಂದಿದ್ದ. ವರ್ಷಕ್ಕೆರಡು ಸಲ ಭೇಟಿಯಾಗುತ್ತಿದ್ದೆವು. ಮೊದಲ ವರ್ಷವೇ ತನ್ನ ವಿಮೆಯ ಹಳೆಯ ಪಾಲಿಸಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತಂದು ತೋರಿಸಿದ್ದ. ದೊಡ್ಡ ಮೊತ್ತದ್ದು. ನಾನು ಅದರಿಂದ ಮೂರು ಅಂಕಣ ತುಂಬಿಕೊಂಡೆ: ಮೊತ್ತ, ಕಂತು, ಮುಗಿಯುವ ವರ್ಷ. ಇದು ಸಾಕು, ಹೊಸದು ಬೇಡ ಎಂದೆ. ಆ ಮಾತು ಸರಿಯಾಗಿಯೇ ಇತ್ತು.

ನಡುವೆ ಅಣ್ಣ ತಮ್ಮಂದಿರಿಗೆ ಪೈಪ್‌ಲೈನ್ ವಿಷಯಕ್ಕೆ ಜಗಳವಾಯಿತು. ತಮ್ಮನ ಪಾಲಿನ ಹೊಲಕ್ಕೆ ನೀರು ಅಣ್ಣನ ಹೊಲದೊಳಗಿಂದ ಹೋಗಬೇಕು. ಮಾತು ಬೆಳೆದು, ಎರಡು ವರ್ಷ ಒಬ್ಬರ ಮನೆಗೊಬ್ಬರು ಹೋಗದ ಹಾಗಾಯಿತು.

ಒಂದು ಬೆಳಿಗ್ಗೆ ಶಾಲೆಯಲ್ಲಿ ಪಾಠ ಮಾಡುತ್ತಿದ್ದಾಗ ಶ್ರೀಶೈಲನಿಗೆ ಎದೆನೋವು ಬಂತು. ವಿಜಯಪುರದ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟ. ನಲವತ್ತನಾಲ್ಕು ವರ್ಷ.

ಹದಿನೈದು ದಿನ ಕಳೆದ ಮೇಲೆ ಕಸ್ತೂರಿ ಫೋನ್ ಮಾಡಿ ಕರೆಸಿದರು. ಬಬಲೇಶ್ವರದ ಮನೆಯ ಪಡಸಾಲೆಯಲ್ಲಿ ಅದೇ ಪ್ಲಾಸ್ಟಿಕ್ ಚೀಲವನ್ನು ನನ್ನ ಮುಂದಿಟ್ಟರು. ದೊಡ್ಡ ಮಗಳು ಪಿಯುಸಿ ಓದುತ್ತಿದ್ದಳು. ತಾಯಿಯ ಪಕ್ಕ ಕುಳಿತಿದ್ದಳು. ನಾನು ಪಾಲಿಸಿ ತೆಗೆದು, ಮೊತ್ತ ಓದಿ ಹೇಳಿ, ಪುಟ ತಿರುವಿದೆ. ನಾಮಿನಿ, ಅಂದರೆ ಹಣ ಯಾರ ಕೈಗೆ ಸೇರಬೇಕೋ ಅವರ ಹೆಸರಿನ ಜಾಗದಲ್ಲಿ 'ಸಿದಗೊಂಡಪ್ಪ, ಅಣ್ಣ' ಎಂದಿತ್ತು. ಮದುವೆಗೆ ಮೊದಲು ಮಾಡಿಸಿದ ಪಾಲಿಸಿ. ಆಮೇಲೆ ಬದಲಿಸಿರಲಿಲ್ಲ. ಹನ್ನೊಂದು ವರ್ಷ ನಾನು ಆ ಪುಟವನ್ನು ತಿರುವಿ ನೋಡಿರಲಿಲ್ಲ.

"ಏನಾತ್ರಿ ಸರ್?" ಎಂದರು ಕಸ್ತೂರಿ.

ಹೇಳಿದೆ. ಅವರು ಕೂಗಾಡಲಿಲ್ಲ. ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ ಕುಳಿತರು.

"ಭಾವನೋರ ಜೋಡಿ ನಮ್ಮದು ಮಾತs ಇಲ್ಲಲ್ರಿ. ಮಣ್ಣಿಗಿ ಬಂದಿದ್ರು, ಹೋದ್ರು. ನಾ ಹೋಗಿ ಹೆಂಗ ಕೇಳ್ಲಿ? ಕೇಳಿದ್ರ ಕೊಡ್ತಾರೇನ್ರಿ?"

ಮಗಳು ನನ್ನನ್ನೇ ನೋಡುತ್ತಿದ್ದಳು. "ಅಪ್ಪಾ ಪ್ರತಿ ವರ್ಷಾ ನಿಮ್ಮ ಹಂತ್ಯಾಕ ಬರ್ತಿದ್ರಲ್ರಿ" ಎಂದಳು. ಅಷ್ಟೇ ಹೇಳಿದ್ದು.

ವಕೀಲರೊಬ್ಬರನ್ನು ಕೇಳಿದೆ. ನಾಮಿನಿ ಅಣ್ಣನಾಗಿದ್ದರೂ ಹಣ ಸೇರಬೇಕಾದದ್ದು ಹೆಂಡತಿ ಮಕ್ಕಳಿಗೇ. ಆದರೆ ಕಂಪನಿ ಮೊದಲು ಅಣ್ಣನ ಕೈಗೆ ಕೊಡುತ್ತದೆ, ಅವನು ಕೊಡದಿದ್ದರೆ ಕೋರ್ಟು, ಎಂದರು. ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ದಾರಿಯುದ್ದಕ್ಕೂ ಬಾಯಿಪಾಠ ಮಾಡುತ್ತ ತಿಕೋಟಾಕ್ಕೆ ಹೋದೆ. ಮೊದಲು ಮೃದುವಾಗಿ, ಒಪ್ಪದಿದ್ದರೆ ಕಾನೂನಿನ ಮಾತು, ಹೀಗೆ ಕ್ರಮ ಹಾಕಿಕೊಂಡಿದ್ದೆ.

ಸಿದಗೊಂಡಪ್ಪ ಶೆಡ್ಡಿನಲ್ಲಿ ಒಣಗಿದ ಮಣೂಕವನ್ನು ಬಲೆಯಿಂದ ಉದುರಿಸುತ್ತಿದ್ದರು. ಹದಿನೈದು ದಿನದಲ್ಲಿ ಹತ್ತು ವರ್ಷ ಮುದುಕರಾದಂತೆ ಕಂಡರು. ನಾನು ಪಾಲಿಸಿ ಮುಂದೆ ಹಿಡಿದು, ನನ್ನ ಪಾಠ ಶುರು ಮಾಡಿದೆ. ಅವರು ಕೈ ಒರೆಸಿಕೊಂಡು ಕಾಗದ ತೆಗೆದುಕೊಂಡರು. ತಮ್ಮ ಹೆಸರನ್ನು ಓದಿದರು. ತಮ್ಮನ ಅಕ್ಷರ ಅದು.

"ಬಿ.ಎಡ್. ಕಲಿಯೂವಾಗ ಫೀ ನಾ ಕಟ್ಟಿದ್ನಿ" ಎಂದರು. "ನೌಕರಿ ಹತ್ತಿದ ವರ್ಷ ಇದನ್ನ ಮಾಡ್ಸ್ಯಾನ ಅಂತ ಕಾಣ್ತೈತಿ. ನನಗ ಒಂದು ಮಾತ ಹೇಳಿಲ್ಲ ನೋಡ್ರಿ ಮಗಾ."

ನಾನು ಕಾನೂನಿನ ಭಾಗಕ್ಕೆ ಬಂದೆ. ಎರಡು ವಾಕ್ಯ ಹೇಳಿರಬೇಕು. ಅವರು ಕೈಯೆತ್ತಿ ತಡೆದರು.

"ನಿಲ್ರಿ. ನಾ ಆ ಕೂಸುಗೋಳ ರೊಕ್ಕಾ ಇಟ್ಕೋತೀನಿ ಅಂತ ತಿಳ್ಕೊಂಡು ಬಂದೀರೇನು?"

ನನ್ನ ಕೈಯಲ್ಲಿದ್ದ ಹಾಳೆಯೇ ಉತ್ತರ ಹೇಳುತ್ತಿತ್ತು.

"ಜಗಳ ಪೈಪಿಂದು" ಎಂದರು. "ಅವ ನನ್ನ ತಮ್ಮಾ." ಪಾಲಿಸಿಯನ್ನು ನನ್ನತ್ತ ತಿರುಗಿಸಿ, "ಒಂದು ಹೇಳ್ರಿ ಸಾಹೇಬ್ರ. ಈ ಪುಟಾ ನೀವು ಅವ ಇದ್ದಾಗ ಯಾಕ ತಗದು ನೋಡ್ಲಿಲ್ಲ?"

"ತಪ್ಪಾತ್ರಿ" ಎಂದೆ. ಆ ವೃತ್ತಿಯಲ್ಲಿ ನಾನು ಆಡಿದ ಅತಿ ಚಿಕ್ಕ ಮಾತು ಅದೇ ಇರಬೇಕು.

ಅವರು ವಿಮೆಯ ಹಣ ಕೇಳುವ ಫಾರ್ಮಿಗೆ ಸಹಿ ಮಾಡಿದರು. ಒಂದು ಷರತ್ತು ಹಾಕಿದರು. ಹಣ ಬಂದ ದಿನ ಅದನ್ನು ಕೊಡಲು ತಾವೊಬ್ಬರೇ ಹೋಗುವುದಿಲ್ಲ. ನಾನು ಜೊತೆಗೆ ಬಂದು, ಕಸ್ತೂರಿಯ ಮುಂದೆ ನನ್ನ ಬಾಯಿಂದಲೇ ಹೇಳಬೇಕು. "ನಾ ದಾನಾ ಮಾಡಿದಂಗ ಆಗಬಾರ್ದು. ಅದು ಆಕೀದs ಐತಿ, ಹೆಸರು ತಪ್ಪಿತ್ತು, ತಪ್ಪು ನೋಡೂದು ನನ್ನ ಕೆಲಸ ಇತ್ತು, ನೋಡ್ಲಿಲ್ಲ, ಅಂತ ಹೇಳ್ರಿ. ಆಕಿ ನನ್ನ ಮುಂದ ತಲಿ ಬಗ್ಗಸಬಾರ್ದು."

ಒಂದು ತಿಂಗಳ ನಂತರ ಹಣ ಅವರ ಖಾತೆಗೆ ಬಂತು. ಬೆಳಿಗ್ಗೆ ಬಂದದ್ದನ್ನು ಮಧ್ಯಾಹ್ನದೊಳಗೆ ಕಸ್ತೂರಿಯ ಖಾತೆಗೆ ಹಾಕಿಸಿದರು. ಬ್ಯಾಂಕಿನಿಂದ ನೇರವಾಗಿ ಬಬಲೇಶ್ವರಕ್ಕೆ ಹೋದೆವು. ಬಾಗಿಲಲ್ಲಿ ಕಸ್ತೂರಿ ಸೆರಗು ಹೊದ್ದು ನಿಂತು, "ಬರ್ರಿ" ಎಂದು ನೀರಿನ ತಂಬಿಗೆ ಮುಂದಿಟ್ಟರು. ನಾನು ನಿಂತುಕೊಂಡೇ ಹೇಳಬೇಕಾದದ್ದನ್ನು ಹೇಳಿದೆ. ಎರಡು ಕಡೆ ತಡವರಿಸಿದೆ. ಸಿದಗೊಂಡಪ್ಪ ನೆಲ ನೋಡುತ್ತ ನಿಂತಿದ್ದರು. ಚಿಕ್ಕ ಹುಡುಗಿ ಒಳಗಿಂದ ಬಂದು ಅವರ ಕೈ ಹಿಡಿದು, "ದೊಡ್ಡಪ್ಪಾ, ಕುಂಡ್ರು ಬಾ" ಎಂದಾಗ ಆ ಮನುಷ್ಯ ಕುಸಿದು ಕುಳಿತು ಅತ್ತುಬಿಟ್ಟರು.

ಪೈಪ್‌ಲೈನಿನ ಜಗಳ ಇಂದಿಗೂ ಪೂರ್ತಿ ಮುಗಿದಿಲ್ಲ. ಆದರೆ ದೊಡ್ಡ ಹುಡುಗಿಯನ್ನು ಕಾಲೇಜಿಗೆ ಸೇರಿಸಲು ಹೋದಾಗ ಅವಳ ಪೆಟ್ಟಿಗೆ ಹೊತ್ತವರು ದೊಡ್ಡಪ್ಪನೇ.

ಮರುವಾರದಿಂದ ನಾನು ಮನೆಮನೆ ಸುತ್ತತೊಡಗಿದೆ. ನನ್ನ ಹತ್ತಿರ ಸಲಹೆ ಪಡೆದ ಒಬ್ಬರನ್ನೂ ಬಿಡದೆ, ಹೋಗಿ ಕುಳಿತು, ಎಲ್ಲ ಕಾಗದ ತರಿಸಿ, ನಾಮಿನಿಯ ಆ ಒಂದೇ ಸಾಲು ಓದಿದೆ. ಜೈನಾಪುರದಲ್ಲಿ ಒಬ್ಬರು ತೀರಿಹೋದ ಅಜ್ಜನ ಹೆಸರು ಬರೆಸಿದ್ದರು. ಸಾರವಾಡದ ಟ್ರ್ಯಾಕ್ಟರ್ ಮಾಲೀಕರೊಬ್ಬರ ಪಾಲಿಸಿಯಲ್ಲಿ 'ಲಕ್ಷ್ಮೀ' ಎಂದಿತ್ತು. ನಾನು ಗಟ್ಟಿಯಾಗಿ ಓದಿಬಿಟ್ಟೆ. ಚಹಾ ತಂದ ಅವರ ಹೆಂಡತಿಯ ಹೆಸರು ಮಹಾದೇವಿ.

"ಯಾರ್ರಿ ಈ ಲಕ್ಷ್ಮೀ?" ಎಂದರು ಆಕೆ.

ಮಾಲೀಕರ ಮುಖ ಬಿಳಿಚಿತು. ಇವರೊಂದಿಗೆ ಮದುವೆಯಾಗುವ ಮೊದಲು ಇನ್ನೊಂದು ಕಡೆ ನಿಶ್ಚಯವಾಗಿ, ಎರಡೇ ತಿಂಗಳಲ್ಲಿ ಮುರಿದಿತ್ತಂತೆ. ಆ ಎರಡು ತಿಂಗಳ ನಡುವೆ ಪಾಲಿಸಿ ಮಾಡಿಸಿದ್ದರಂತೆ. ಚಹಾ ಬಿಟ್ಟು ಚಪ್ಪಲಿ ಹುಡುಕಿದೆ. ಮುಂದೆ ಎಲ್ಲ ಮನೆಗಳಲ್ಲೂ ಹೆಸರನ್ನು ಮೊದಲು ಮನಸ್ಸಿನಲ್ಲಿ ಓದಿಕೊಳ್ಳುವುದನ್ನು ರೂಢಿಸಿಕೊಂಡೆ.

ಇಷ್ಟೆಲ್ಲ ಮುಗಿಸಲು ಐದು ತಿಂಗಳು ಹಿಡಿಯಿತು. ಕೊನೆಯ ಮನೆ ಮುಗಿಸಿ ಬಂದ ದಿನ ಉಣ್ಣುವಾಗ ದೊಡ್ಡ ಪುಣ್ಯದ ಕೆಲಸ ಮಾಡಿದವನಂತೆ ವರ್ಣಿಸುತ್ತಿದ್ದೆ. ಗಿರಿಜಾ ರೊಟ್ಟಿ ಬಡಿಸುತ್ತ ಕೇಳಿದಳು:

"ನಿಮ್ಮದು ನೋಡೀರೇನ್ರಿ?"

ನಕ್ಕೆ. ಊಟ ಮುಗಿಸಿ, ಅವಳಿಗೆ ತೋರಿಸಿಯೇ ಬಿಡೋಣವೆಂದು ಟ್ರಂಕಿನಿಂದ ನನ್ನ ಪಾಲಿಸಿ ತೆಗೆದೆ. ಪೈಪಿನ ಕಾರ್ಖಾನೆ ಸೇರಿದ ವರ್ಷ ಮಾಡಿಸಿದ್ದು. ಪುಟ ತಿರುವಿದೆ. ಅಲ್ಲಿ ನನ್ನ ಅವ್ವನ ಹೆಸರಿತ್ತು. ಅವ್ವ ತೀರಿಕೊಂಡು ಆಗಲೇ ಒಂಬತ್ತು ವರ್ಷವಾಗಿತ್ತು.

ಗಿರಿಜಾ ನನ್ನ ಹೆಗಲ ಮೇಲಿಂದ ಬಗ್ಗಿ ಓದಿದಳು. ಕುಳಿತಳು. ಮೊದಲು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ಆಮೇಲೆ ಮುಚ್ಚಿಕೊಳ್ಳಲಾಗದೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

"ಹೋಗ್ಲಿ ಬಿಡ್ರಿ. ಅತ್ತಿ ಬಂದು ಸಹಿ ಮಾಡಿ ಕೊಡ್ತಿದ್ರು. ಅವರು ನನ್ನ ಕೈ ಬಿಡಾವ್ರಲ್ಲ."

ಮರುದಿನ ಇಬ್ಬರೂ ವಿಮೆ ಕಚೇರಿಗೆ ಹೋದೆವು. ಸಾಲಿನಲ್ಲಿ ನಿಂತು ಫಾರ್ಮು ತೆಗೆದುಕೊಂಡೆ. ಕೌಂಟರಿನ ಹುಡುಗಿ ನನ್ನನ್ನು ಗುರುತಿಸಿ, "ಸರ್, ಯಾರದ್ರಿ ಈ ಸಲ?" ಎಂದಳು. ಕೇಳಿಸದವನಂತೆ ಬರೆಯತೊಡಗಿದೆ. ಐದು ತಿಂಗಳಲ್ಲಿ ಎಷ್ಟೋ ಸಲ ತುಂಬಿದ ಫಾರ್ಮು. ಕೈ ತಾನಾಗಿ ಓಡಿತು. ಹೆಸರಿನ ಜಾಗದಲ್ಲಿ ದುಂಡಗೆ 'ಗಿರಿಜಾ' ಎಂದು ಬರೆದೆ.

ಅವಳು ಕನ್ನಡಕ ಹಾಕಿಕೊಂಡು ನೋಡಿದಳು.

"ಇದು ಯಾರ ಹೆಸರ್ರಿ?"

"ನಿಂದs."

"ಆಧಾರದಾಗ, ನೌಕರಿ ಕಾಗದದಾಗ, ಬ್ಯಾಂಕಿನಾಗ ಎಲ್ಲಾ ಕಡೆ ಗಿರಿಜಾಬಾಯಿ ಐತಿ. ನನ್ನ ಬಾಯಿ ಎಲ್ಲಿ ಹೋತು?"

ಕೌಂಟರಿನ ಹುಡುಗಿ ನಗು ತಡೆದುಕೊಂಡು ಇನ್ನೊಂದು ಫಾರ್ಮನ್ನು ಗಾಜಿನ ಕೆಳಗಿಂದ ತಳ್ಳಿದಳು. ನಾನು ಪೆನ್ನನ್ನು ಗಿರಿಜಾಬಾಯಿಯ ಕೈಗೆ ಕೊಟ್ಟು, ಪಕ್ಕದ ಬೆಂಚಿನ ಮೇಲೆ ಹೋಗಿ ಕುಳಿತೆ.